ಎರಡನೆಯದು ಯಾವಾಗ?

ಯಲ್ಲದಕೆರೆಯ ಅಂಗನವಾಡಿ ಜಗುಲಿಯ ಮೇಲೆ ಐದು ವರ್ಷದ ಹುಡುಗನೊಬ್ಬ ಹುಣಸೆ ಬೀಜಗಳನ್ನು ಸಾಲಾಗಿ ಇಡುತ್ತಿದ್ದ. ಒಂದು ಬೀಜ ಸೊಟ್ಟಗಾದರೂ ಸಾಲನ್ನೆಲ್ಲ ಅಳಿಸಿ ಮತ್ತೆ ಮೊದಲಿಂದ ಶುರು. ಹೆಸರು ಹಿಡಿದು ಮೂರು ಸಲ ಕರೆದರೂ ತಿರುಗಿ ನೋಡಲಿಲ್ಲ. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದಾಗ ಮಾತ್ರ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡ. ಆಟಿಸಂ ಎಂದು ಹೇಳಿಸಿಕೊಂಡು ಬಂದು ಮೂರು ತಿಂಗಳಾಗಿತ್ತಷ್ಟೆ. "ಇನ್ನೊಂದಾಗ್ಲಿ ಕಣವ್ವ, ನಾಳೆ ಇವನ್ನ ನೋಡ್ಕಳಾಕೆ ಒಬ್ರು ಬೇಕಲ್ಲ" ಎಂದು ಅಜ್ಜಿ ಸೊಸೆಗೆ ಹೇಳುತ್ತಿದ್ದರು. ಸೊಸೆ ಅತ್ತೆಗೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಕೇಳಿದಳು: "ಎರಡನೇದೂ ಹಿಂಗೇ ಆದ್ರೆ ಏನ್ಮಾಡ್ಲಕ್ಕ?"

ಈ ಪ್ರಶ್ನೆಗೆ ವೈದ್ಯಲೋಕ ಎಂಬತ್ತು ವರ್ಷಗಳಿಂದ ಉತ್ತರ ಕೊಡುತ್ತಲೇ ಬಂದಿದೆ. ಒಂದು ಕಾಲಕ್ಕೆ ಆ ಉತ್ತರ ಕ್ರೂರವಾಗಿತ್ತು, ಇನ್ನೊಂದು ಕಾಲಕ್ಕೆ ಲೆಕ್ಕವೇ ತಪ್ಪಾಗಿತ್ತು.

1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವಿವರ ಪ್ರಕಟಿಸಿದರು. ಇದು ಹುಟ್ಟಿನಿಂದಲೇ ಬಂದದ್ದು ಎಂದು ಆಗ ಬರೆದವರೇ ಮುಂದೆ ತಂದೆತಾಯಿಯ ತಣ್ಣನೆಯ ಸ್ವಭಾವದ ಕಡೆಗೂ ಬೊಟ್ಟು ಮಾಡಿದರು. ಬ್ರೂನೋ ಬೆಟ್ಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಅದನ್ನೇ ಸಿದ್ಧಾಂತ ಮಾಡಿದರು. 'ರೆಫ್ರಿಜರೇಟರ್ ತಾಯಿ' ಎಂಬ ಮಾತು ಆ ಕಾಲದ್ದು. ತಾಯಿಯೇ ಕಾರಣ ಎಂದಾದ ಮೇಲೆ ಆಕೆ ಇನ್ನೊಂದು ಹೆರುವುದೇ ಅಪರಾಧ ಎಂಬಂತಾಯಿತು. ಸ್ವತಃ ಆಟಿಸಂ ಇದ್ದ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್, ಇದು ಮಿದುಳಿಗೆ ಸಂಬಂಧಿಸಿದ್ದು, ಪ್ರೀತಿಯ ಕೊರತೆಗಲ್ಲ ಎಂದು 1964ರಲ್ಲೇ ವಾದಿಸಿದ್ದರು. 1969ರಲ್ಲಿ ಕ್ಯಾನರ್ ಪಾಲಕರ ಸಭೆಯೊಂದರಲ್ಲಿ ನಿಂತು ತಂದೆತಾಯಿಗಳನ್ನು ಆ ಆರೋಪದಿಂದ ಮುಕ್ತಗೊಳಿಸಿದರು. ನಮ್ಮ ಹಳ್ಳಿಗಳಿಗೆ ಆ ಬಿಡುಗಡೆ ಇನ್ನೂ ಬಂದಿಲ್ಲ. ಗ್ರಹಣದಲ್ಲಿ ಹೊರಗೆ ಬಂದಿದ್ದಳು, ಮೊಬೈಲ್ ಕೊಟ್ಟು ಕೂರಿಸಿದಳು ಎಂದು ಇವತ್ತಿಗೂ ಮಾತು ಕೇಳುವವಳು ತಾಯಿಯೇ.

ವಂಶವಾಹಿಯ ಕಡೆಗೆ ಮೊದಲ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು 1977ರಲ್ಲಿ. ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳನ್ನು ನೋಡಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ರಕ್ತದಲ್ಲೇ ಏನೋ ಇದೆ ಎಂಬುದು ಖಚಿತವಾಯಿತು. ಆದರೂ ಅಣ್ಣತಮ್ಮಂದಿರ ಲೆಕ್ಕ ಹಾಕಿದಾಗ ನೂರಕ್ಕೆ ಎರಡೋ ಮೂರೋ ಮಾತ್ರ ಸಿಗುತ್ತಿತ್ತು. ವೈದ್ಯರು ಅದನ್ನೇ ನಂಬಿ, ಧೈರ್ಯವಾಗಿರಿ ಎಂದು ಹೇಳಿ ಕಳಿಸುತ್ತಿದ್ದರು.

ಆ ಲೆಕ್ಕ ಎಲ್ಲಿ ತಪ್ಪಿತು ಎಂಬುದು ನನಗೆ ಈ ಇಡೀ ಚರಿತ್ರೆಯಲ್ಲೇ ಮನಕಲಕುವ ಭಾಗ. ಮಗುವಿಗೆ ಆಟಿಸಂ ಎಂದು ಗೊತ್ತಾದ ಮೇಲೆ ಎಷ್ಟೋ ದಂಪತಿಗಳು ಮುಂದಿನದು ಬೇಡ ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ಹಾಗಾಗಿ ತಮ್ಮ ತಂಗಿಯರ ಸಂಖ್ಯೆಯೇ ಕಡಿಮೆ. ಲೆಕ್ಕಕ್ಕೆ ಸಿಗುವವರು ಹೆಚ್ಚಾಗಿ ಅಕ್ಕ ಅಣ್ಣಂದಿರು. ಅವರಲ್ಲಿ ತೊಂದರೆ ಇದ್ದಿದ್ದರೆ ಈ ಮಗು ಹುಟ್ಟುತ್ತಲೇ ಇರಲಿಲ್ಲವೇನೋ. ಎಲ್ಲರನ್ನೂ ಒಟ್ಟು ಸೇರಿಸಿ ಭಾಗಿಸಿದರೆ ಅಂಕಿ ಇಳಿಯದೆ ಇನ್ನೇನು? ಹುಟ್ಟದೇ ಉಳಿದ ಮಕ್ಕಳು ಹೀಗೆ ಲೆಕ್ಕವನ್ನು ಕೆಡಿಸುತ್ತಾರೆ ಎಂದು 1988ರಲ್ಲಿ ಜೋನ್ಸ್ ಮತ್ತು ಸಾಟ್ಮರಿ ತೋರಿಸಿದರು. ಕ್ಯಾಲಿಫೋರ್ನಿಯಾದ ಜನನ ದಾಖಲೆ ಹಿಡಿದು 2014ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ಇನ್ನೂ ಸ್ಪಷ್ಟಗೊಳಿಸಿತು: ಮೊದಲ ಮಗುವಿಗೆ ಆಟಿಸಂ ಇದ್ದ ಮನೆಗಳಲ್ಲಿ ಎರಡನೆಯದು ಹುಟ್ಟುವುದು ಸುಮಾರು ಮೂರನೇ ಒಂದು ಪಾಲು ಕಡಿಮೆ. ಆದರೆ ಮೊದಲ ಕೆಲವು ವರ್ಷ ವ್ಯತ್ಯಾಸವೇ ಇಲ್ಲ. ಮಗುವಿನ ಲಕ್ಷಣ ಕಣ್ಣಿಗೆ ಬೀಳುವ, ಹೆಸರು ಸಿಗುವ ವಯಸ್ಸಿನ ಆಚೆಗಷ್ಟೇ ಮನೆಗಳು ನಿಲ್ಲಿಸುತ್ತವೆ.

ನಮ್ಮ ಹಿರಿಯೂರು, ಹೊಸದುರ್ಗದ ಹಳ್ಳಿಗಳಲ್ಲಿ ಈ ಮಾತಿನ ತೂಕ ಬೇರೆ. ಇಲ್ಲಿ ಮೊದಲನೆಯದಕ್ಕೆ ಎರಡು ತುಂಬುವ ಮುಂಚೆಯೇ ಎರಡನೆಯದು ಹೊಟ್ಟೆಯಲ್ಲಿರುತ್ತದೆ, ಅದಾದ ಮೇಲೆ ಆಪರೇಷನ್. "ಅವರಪ್ಪನೂ ಮಾತಾಡಿದ್ದು ನಾಕು ವರ್ಷಕ್ಕೆ" ಎಂದು ದೊಡ್ಡವರು ಸಮಾಧಾನ ಹೇಳುತ್ತಾರೆ. ಮೊದಲನೆಯವನ ಸ್ಥಿತಿಗೆ ಹೆಸರು ಸಿಗುವ ಹೊತ್ತಿಗೆ ಎರಡನೆಯದರ ತೀರ್ಮಾನ ಆಗಿಹೋಗಿರುತ್ತದೆ. ಎರಡನೆಯದು ಬೇಕೋ ಬೇಡವೋ ಎಂಬ ಪ್ರಶ್ನೆ ನಿಜವಾಗಿ ಮೊದಲನೆಯದನ್ನು ಯಾವಾಗ ಗುರುತಿಸಿದೆವು ಎಂಬ ಪ್ರಶ್ನೆಯೇ. ಜಗುಲಿಯಲ್ಲಿ ಸಿಕ್ಕ ತಾಯಿಗೆ ಯೋಚಿಸಲು ಸಮಯವಿತ್ತು. ಹೆಚ್ಚಿನವರಿಗೆ ಅದೂ ಇರುವುದಿಲ್ಲ.

ತಪ್ಪನ್ನು ತಿದ್ದಲು ಸಂಶೋಧಕರು ಹಿಡಿದ ದಾರಿ ಸರಳ: ಮೊದಲ ಮಗುವಿಗೆ ಆಟಿಸಂ ಇರುವ ಮನೆಯಲ್ಲಿ ಮುಂದಿನ ಕೂಸು ಹುಟ್ಟಿದಾಗಿನಿಂದ ಮೂರು ವರ್ಷದವರೆಗೂ ಬೆನ್ನು ಬಿಡದೆ ನೋಡುವುದು. ಸ್ಯಾಲಿ ಓಝನಾಫ್ ಮುಂದಾಳತ್ವದಲ್ಲಿ 664 ಕೂಸುಗಳನ್ನು ಹೀಗೆ ನೋಡಿ 2011ರಲ್ಲಿ ಕೊಟ್ಟ ಉತ್ತರ ಶೇಕಡ 18.7. ಅದೇ ಬಳಗ 2024ರಲ್ಲಿ 1,605 ಮಕ್ಕಳನ್ನು ನೋಡಿದಾಗಲೂ 20.2 ಬಂತು. ಸ್ಥೂಲವಾಗಿ ಐದರಲ್ಲಿ ಒಂದು. ಹುಟ್ಟುವುದು ಗಂಡಾದರೆ ನಾಲ್ಕರಲ್ಲಿ ಒಂದು, ಹೆಣ್ಣಾದರೆ ಎಂಟರಲ್ಲಿ ಒಂದರಷ್ಟು. ಈಗಾಗಲೇ ಒಂದಕ್ಕಿಂತ ಹೆಚ್ಚು ಮಕ್ಕಳಿಗೆ ಆಟಿಸಂ ಇದ್ದರೆ ಮೂರರಲ್ಲಿ ಒಂದನ್ನೂ ಮೀರುತ್ತದೆ. ಸ್ವೀಡನ್ನಿನಲ್ಲಿ 20 ಲಕ್ಷ ಮಕ್ಕಳ ಸರ್ಕಾರಿ ದಾಖಲೆ ಹಿಡಿದು ಮಾಡಿದ 2014ರ ಲೆಕ್ಕದಲ್ಲಿ ಇದು ಸುಮಾರು ಶೇಕಡ 13. ಆಸ್ಪತ್ರೆಗೆ ಬಂದು ಹೆಸರು ಬರೆಸಿಕೊಂಡವರಷ್ಟೇ ದಾಖಲೆಯಲ್ಲಿರುತ್ತಾರೆ, ಆದ್ದರಿಂದ ಆ ವ್ಯತ್ಯಾಸ. ಐದರಲ್ಲಿ ಒಂದು ಎಂದರೆ ಐದರಲ್ಲಿ ನಾಲ್ಕಕ್ಕೆ ಆಟಿಸಂ ಬರುವುದಿಲ್ಲ ಎಂದೂ ಹೌದು. ಆ ನಾಲ್ಕರಲ್ಲಿ ಕೆಲವಕ್ಕೆ ಮಾತು ತಡವಾಗಬಹುದು.

ಇದೆಲ್ಲ ಸರಾಸರಿ. ನಿಮ್ಮ ಮನೆಯ ಅಂಕಿ ಬೇರೆಯೇ ಇರಬಹುದು. ಈಚಿನ ಮೂವತ್ತು ವರ್ಷಗಳ ದೊಡ್ಡ ಲಾಭ ಇದನ್ನು ಬಿಡಿಸಿ ನೋಡಲು ಸಾಧ್ಯವಾದದ್ದು. ಆಟಿಸಂಗೆ ಕಾರಣವಾಗಬಲ್ಲ ಫ್ರಜೈಲ್ ಎಕ್ಸ್ ಎಂಬ ಸ್ಥಿತಿಯ ಜೀನ್ 1991ರಲ್ಲಿ ಸಿಕ್ಕಿತು. ತಾಯಿ ಅದರ ವಾಹಕಿಯಾಗಿದ್ದರೆ ಪ್ರತಿ ಬಸಿರಿನಲ್ಲೂ ಆ ಕ್ರೋಮೋಸೋಮ್ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಆಕೆಯ ಅಕ್ಕತಂಗಿಯರೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಇಂಥದೇ ಇನ್ನೊಂದು ಸ್ಥಿತಿಯಾದ ಟ್ಯೂಬರಸ್ ಸ್ಕ್ಲೆರೋಸಿಸ್ ಇದ್ದರೆ ಮಗುವಿನ ಮೈಮೇಲೆ ಎಲೆಯಾಕಾರದ ಬಿಳಿ ಮಚ್ಚೆ ಕಾಣುತ್ತದೆ. ಮೊಡವೆಯೆಂದು ತಂದೆ ಬಿಟ್ಟ ಕೆನ್ನೆಯ ಗುಳ್ಳೆಗಳೂ ಅದರದ್ದೇ ಗುರುತಾಗಿರಬಹುದು, ಆಗಲೂ ಅರ್ಧಕ್ಕರ್ಧ. ಜೀನ್ ಬದಲಾವಣೆ ಈ ಮಗುವಿನಲ್ಲಿ ಹೊಸದಾಗಿ ಆಗಿ ತಂದೆತಾಯಿಯಲ್ಲಿ ಇಲ್ಲವೆಂದಾದರೆ ಮತ್ತೆ ಅದೇ ಆಗುವ ಸಂಭವ ಬಹಳ ಕಡಿಮೆ. ಕ್ರೋಮೋಸೋಮ್ ಮೈಕ್ರೋಅರೇ ಪರೀಕ್ಷೆಯನ್ನೇ ಮೊದಲು ಮಾಡಿಸಿ ಎಂದು 2010ರಿಂದ ತಜ್ಞರು ಹೇಳುತ್ತಿದ್ದಾರೆ. ಎಷ್ಟೋ ಮಕ್ಕಳಲ್ಲಿ ಪರೀಕ್ಷೆ ಏನನ್ನೂ ತೋರಿಸದು. ಆಗ ಸರಾಸರಿಯೇ ಗತಿ. ಆದರೂ ಮುಂದಿನ ಬಸಿರಿಗೆ ಮೊದಲು ಪರೀಕ್ಷೆ ಆಗಬೇಕಾದದ್ದು ಈಗಿರುವ ಮಗುವಿಗೆ.

ನಮ್ಮಲ್ಲಿ ಇನ್ನೊಂದು ಮಾತು ಕೇಳಲೇಬೇಕು: ಮದುವೆ ಸಂಬಂಧದೊಳಗಿನದೇ? ಸೋದರಮಾವ, ಅತ್ತೆ ಮಗ ನಮಗೆ ಮನೆಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ, ಸುಮಾರು ಮೂರರಲ್ಲಿ ಒಂದು ಮಗುವಿನ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. ಇಬ್ಬರಲ್ಲೂ ಅಡಗಿದ್ದ ಒಂದೇ ದೋಷ ಮಗುವಿನಲ್ಲಿ ಕೂಡಿದರೆ ಮರುಕಳಿಸುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಂತಹ ಕುಟುಂಬಗಳಲ್ಲೇ 2012ರಲ್ಲಿ ಆಟಿಸಂ ಮತ್ತು ಫಿಟ್ಸ್ ಒಟ್ಟಿಗೆ ತರುವ, ಆಹಾರದಿಂದ ಸರಿಪಡಿಸಬಹುದೆಂಬ ಆಸೆ ಹುಟ್ಟಿಸಿದ ಜೀನ್ ದೋಷವೊಂದು ಪತ್ತೆಯಾಯಿತು. ಸಂಬಂಧದ ವಿಷಯವನ್ನು ವೈದ್ಯರ ಮುಂದೆ ಮುಚ್ಚಿಡಬಾರದು.

ಬಸಿರಿಗೆ ಮುಂಚೆ ಕೈಯಲ್ಲಿರುವುದು ಏನು? ನಾರ್ವೆಯಲ್ಲಿ 85 ಸಾವಿರ ಮಕ್ಕಳನ್ನು ನೋಡಿದ 2013ರ ಅಧ್ಯಯನದಲ್ಲಿ, ಬಸಿರಾಗುವ ಆಸುಪಾಸಿನಲ್ಲಿ ಫೋಲಿಕ್ ಆಸಿಡ್ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಆಟಿಸಂ ಕಡಿಮೆ ಕಂಡಿತು. ಇದೊಂದರಿಂದಲೇ ತಡೆಯಬಹುದು ಎನ್ನುವಂತಿಲ್ಲ, ಆದರೆ ಮಾತ್ರೆ ಅಗ್ಗ, ಬೆನ್ನುಹುರಿಯ ದೋಷ ತಪ್ಪಿಸಲು ಹೇಗೂ ಬೇಕು. ತಾಯಿ ಕಾರ್ಡ್ ಆಗುವ ಹೊತ್ತಿಗೆ ಎರಡು ತಿಂಗಳು ಕಳೆದಿರುತ್ತವೆ, ಆದ್ದರಿಂದ ಮುಂಚೆಯೇ ಶುರುವಾಗಬೇಕು. ಫಿಟ್ಸ್‌ಗೆ ವ್ಯಾಲ್‌ಪ್ರೋಯೇಟ್ ಮಾತ್ರೆ ನುಂಗುವ ತಾಯಿ ಮೊದಲೇ ವೈದ್ಯರನ್ನು ಕಂಡು ಬದಲಿ ಕೇಳಲಿ, ತಾನಾಗಿ ನಿಲ್ಲಿಸಬಾರದು. ಹೆರಿಗೆಯಾದ ವರ್ಷದೊಳಗೇ ಮತ್ತೆ ಬಸಿರಾದರೆ ಆಟಿಸಂ ಹೆಚ್ಚು ಎಂದು 2011ರಲ್ಲಿ ಕ್ಯಾಲಿಫೋರ್ನಿಯಾದ ದಾಖಲೆಗಳು ಹೇಳಿದವು. ಕಾರಣ ಅದೇ ಎಂದು ಸಾಬೀತಾಗದಿದ್ದರೂ, ಮೂರು ವರ್ಷ ಅಂತರವಿಟ್ಟರೆ ತಾಯಿಯ ಮೈ ಸುಧಾರಿಸುತ್ತದೆ, ಮೊದಲನೆಯದರ ಮಾತೂ ನಡೆಯೂ ತಿಳಿಯುತ್ತವೆ. ಲಸಿಕೆಯ ಭಯ ಮಾತ್ರ ಬೇಡವೇ ಬೇಡ. ಅದನ್ನು ಹುಟ್ಟಿಸಿದ 1998ರ ಲೇಖನವನ್ನು ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ ಮಕ್ಕಳಲ್ಲೂ ಎಂಎಂಆರ್ ಲಸಿಕೆಯಿಂದ ಅಪಾಯ ಹೆಚ್ಚಲಿಲ್ಲ ಎಂದು 2015ರಲ್ಲಿ ಅಮೆರಿಕದ ಸುಮಾರು 95 ಸಾವಿರ ಮಕ್ಕಳ ಅಧ್ಯಯನ ತೋರಿಸಿತು.

ಸ್ಕ್ಯಾನಿಂಗ್‌ನಲ್ಲಿ ಆಟಿಸಂ ಕಾಣುವುದಿಲ್ಲ. ಮೊದಲ ಮಗುವಿನ ಜೀನ್ ದೋಷ ಗೊತ್ತಿದ್ದರಷ್ಟೇ ಗರ್ಭದಲ್ಲಿ ಅದನ್ನು ಹುಡುಕಬಹುದು, ಅದೂ 1994ರ ಪ್ರಸವಪೂರ್ವ ಪರೀಕ್ಷಾ ಕಾಯ್ದೆಯಡಿ ನೋಂದಾಯಿತ ಕೇಂದ್ರದಲ್ಲಿ. ಹೆಣ್ಣಿಗೆ ಅಪಾಯ ಕಡಿಮೆ ಎಂಬ ನೆಪದಲ್ಲೂ ಲಿಂಗ ತಿಳಿಯುವುದು, ಆರಿಸುವುದು ಅಪರಾಧ.

ಹುಟ್ಟಿದ ಮೇಲೆ ಕಾಯುತ್ತ ಕೂರಬೇಕಿಲ್ಲ ಎಂಬುದು ಈಚಿನ ಬೆಳವಣಿಗೆ. ಆಸ್ಟ್ರೇಲಿಯಾದಲ್ಲಿ ಆರಂಭದ ಲಕ್ಷಣ ಕಂಡ ಕೂಸುಗಳ ಪಾಲಕರಿಗೆ, ಮಗುವಿನ ಸನ್ನೆಗೆ ಹೇಗೆ ಸ್ಪಂದಿಸಬೇಕೆಂದು ವಿಡಿಯೋ ತೋರಿಸಿ ಕಲಿಸಿದರು. ಮೂರನೇ ವರ್ಷಕ್ಕೆ ಆಟಿಸಂ ಎನಿಸಿಕೊಂಡವರು ಆ ಗುಂಪಿನಲ್ಲಿ ಶೇಕಡ 6.7, ಉಳಿದವರಲ್ಲಿ 20.5 ಎಂದು 2021ರಲ್ಲಿ ವರದಿಯಾಯಿತು. 103 ಮಕ್ಕಳ ಸಣ್ಣ ಅಧ್ಯಯನ ಅದು. ಇದಕ್ಕೆ ದೊಡ್ಡ ತಜ್ಞರೇ ಬೇಕಿಲ್ಲ: ಗೋವಾ ಮತ್ತು ರಾವಲ್ಪಿಂಡಿಯಲ್ಲಿ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯರೇ ಆಟಿಸಂ ಇರುವ ಮಕ್ಕಳ ಪಾಲಕರಿಗೆ ಇಂತಹದ್ದನ್ನು ಕಲಿಸಬಲ್ಲರು ಎಂಬುದು 2016ರಲ್ಲೇ ಕಂಡುಬಂದಿದೆ. ನಮ್ಮ ಆಶಾ ಕಾರ್ಯಕರ್ತೆಯರ ಕೈಗೆ ಇದನ್ನು ಯಾಕೆ ಕೊಡಬಾರದು?

ಕರ್ನಾಟಕಕ್ಕೆ ಸಂಸ್ಥೆಗಳ ಬಡತನವಿಲ್ಲ. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಅವರು ನೋಡಬೇಕಾದವುಗಳಲ್ಲಿ ಆಟಿಸಂ ಕೂಡ ಇದೆ. ದೂರವೇ ಕಷ್ಟ. ಹಿರಿಯೂರಿನಿಂದ ಬೆಂಗಳೂರು ಸುಮಾರು 160 ಕಿಲೋಮೀಟರ್. ಕಿವಿ ಮುಚ್ಚಿಕೊಳ್ಳುವ ಮಗುವನ್ನು ಬಸ್ಸಿನಲ್ಲಿ ಕರೆದೊಯ್ಯುವ ತಾಯಿಗೆ ಆ ದಾರಿ ಇನ್ನೂ ಉದ್ದ.

ಜಗುಲಿಯಲ್ಲಿ ನಾನು ಆಕೆಗೆ ಇಷ್ಟೆಲ್ಲ ಹೇಳಲಿಲ್ಲ. ಮೊದಲು ಇವನ ರಕ್ತಪರೀಕ್ಷೆ ಆಗಲಿ, ಅಲ್ಲಿಯವರೆಗೆ ತೀರ್ಮಾನ ಬೇಡ, ಐದರಲ್ಲಿ ನಾಲ್ಕು ಎಂಬುದನ್ನೂ ನೆನಪಿಡು ಎಂದೆ. ಅಜ್ಜಿ ಕೇಳಿಸಿಕೊಳ್ಳುತ್ತಿದ್ದರು. "ನೋಡ್ಕಳಾಕೆ ಅಂತ ಹೆರಾದಲ್ಲ ಬಿಡತ್ತೆ" ಎಂದಳು ಸೊಸೆ, ಮೊದಲ ಸಲ ಅತ್ತೆಯ ಕಡೆ ತಿರುಗಿ. "ಬೇಕು ಅನ್ಸಿದ್ರೆ ಹೆರ್ತೀನಿ." ಅಜ್ಜಿ ಏನೂ ಹೇಳದೆ, ಜಗುಲಿಯಿಂದ ಕೆಳಗೆ ಉರುಳಿದ್ದ ಹುಣಸೆ ಬೀಜವನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಮೊಮ್ಮಗನ ಸಾಲಿನ ಕೊನೆಗೆ ಇಟ್ಟರು. ಅವನು ಅದನ್ನು ತುಸು ತಿರುಗಿಸಿ ಸರಿಮಾಡಿಕೊಂಡ, ಸಾಲನ್ನು ಅಳಿಸಲಿಲ್ಲ.