ಯಾರ ನವೆಂಬರು?

ನವೆಂಬರು ಬಂತೆಂದರೆ ಮಂಡ್ಯದ ಸೀಮೆಯಲ್ಲಿ ಎರಡು ಸದ್ದು ಜೋರಾಗುತ್ತವೆ. ಒಂದು ಕಬ್ಬು ಹೇರಿಕೊಂಡು ಹೋಗುವ ಟ್ರಾಕ್ಟರಿನದು. ಇನ್ನೊಂದು ರಾಜ್ಯೋತ್ಸವದ ಮೈಕಿನದು. ಒಂದನೇ ತಾರೀಖು ಮರ ಹತ್ತಿದ ಮೈಕು ತಿಂಗಳು ಮುಗಿದರೂ ಇಳಿಯೋದಿಲ್ಲ. ಇವತ್ತು ಸರ್ಕಲ್ಲಿನವರದು, ನಾಳೆ ಆಟೋ ಸ್ಟ್ಯಾಂಡಿನವರದು, ನಾಳಿದ್ದು ಇನ್ಯಾವುದೋ ಬೀದಿಯವರದು. ಇರಲಿ, ಕನ್ನಡಕ್ಕೆ ಜೈ ಅನ್ನೋಕೆ ನಮ್ಮದೇನೂ ತಕರಾರಿಲ್ಲ. ಈ ಕನ್ನಡವನ್ನು ಗದ್ದೆಯ ಕೆಸರಿನಲ್ಲಿ ನಿಂತು ಉಳಿಸಿಕೊಂಡು ಬಂದವರು ನಮ್ಮ ಅವ್ವಂದಿರೇ.

ಆದರೆ ಒಂದು ಪ್ರಶ್ನೆ ಉಂಟು. ಈ ತಿಂಗಳಲ್ಲಿ ಯಾವ ತಾರೀಖನ್ನು ನೆನೀಬೇಕು, ಯಾವುದನ್ನು ಮರೀಬೇಕು ಅಂತ ತೀರ್ಮಾನ ಮಾಡಿದವರು ಯಾರು? ಶಾಲೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರು ಆಕಾಶದಿಂದ ಉದುರಿದ್ದಲ್ಲ. ಅದನ್ನು ಬರೆದವರು ಊರಿನವರು. ಕೇರಿಗೆ ಅದರಲ್ಲಿ ಎಷ್ಟು ಚೌಕ ಬಿಟ್ಟಿದ್ದಾರೆ ಅಂತ ನಾವು ಎಣಿಸಿ ನೋಡಬೇಕಾಗಿದೆ.

ಇದು ನಮ್ಮೊಬ್ಬರ ಗೋಳಲ್ಲ. ಅಮೆರಿಕದಲ್ಲಿ ನವೆಂಬರಿನ ನಾಲ್ಕನೇ ಗುರುವಾರ ಸುಗ್ಗಿಯ ಹಬ್ಬ. ಕೃತಜ್ಞತೆಯ ದಿನ ಅಂತ ಅದಕ್ಕೆ ಹೆಸರು. 1621ರಲ್ಲಿ ಇಂಗ್ಲೆಂಡಿನಿಂದ ಬಂದಿಳಿದ ವಲಸಿಗರು ಪ್ಲಿಮತ್ ಅನ್ನೋ ಜಾಗದಲ್ಲಿ ಅಲ್ಲಿನ ಮೂಲನಿವಾಸಿ ವಾಂಪನೋಗ್ ಜನರ ಜೊತೆ ಕೂತು ಉಂಡರು ಅನ್ನೋದು ಹಬ್ಬದ ಕಥೆ. ಉಂಡವರು ಆಮೇಲೆ ಉಣಬಡಿಸಿದವರ ನೆಲವನ್ನೇ ನುಂಗಿದರು ಅನ್ನೋದು ಕಥೆಯಲ್ಲಿ ಬರೋದಿಲ್ಲ. 1863ರಲ್ಲಿ ಲಿಂಕನ್ ಇದನ್ನು ಇಡೀ ದೇಶದ ಹಬ್ಬ ಅಂತ ಸಾರಿದ. 1970ರಲ್ಲಿ ಮೂಲನಿವಾಸಿಗಳು ಅದೇ ಪ್ಲಿಮತ್ತಿನಲ್ಲಿ, ಅದೇ ಗುರುವಾರ ನಿಂತು, ಇದು ನಮಗೆ ಶೋಕದ ದಿನ ಅಂದರು. ಅಲ್ಲಿಂದೀಚೆಗೆ ಪ್ರತಿ ವರ್ಷ ಅಲ್ಲಿ ಸೇರುತ್ತಾರೆ. ಹಬ್ಬವೂ ನಡೀತದೆ, ಶೋಕವೂ ನಡೀತದೆ. ತಾರೀಖು ಒಂದೇ, ನೆನಪು ಎರಡು.

ಈಗ ನಮ್ಮ ಸೀಮೆಗೆ ಬನ್ನಿ. ಮಂಡ್ಯದ ಮೊದಲ ದೊಡ್ಡ ನವೆಂಬರು 1911ರದ್ದು. ಕನ್ನಂಬಾಡಿಯ ಹತ್ತಿರ ಕಾವೇರಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಶುರುವಾದದ್ದು ಆ ತಿಂಗಳಲ್ಲಿ. ಆಗ ವಿಶ್ವೇಶ್ವರಯ್ಯನವರು ಮೈಸೂರಿನ ಚೀಫ್ ಎಂಜಿನಿಯರು, ಮುಂದಿನ ನವೆಂಬರಿಗೆ ದಿವಾನರು. ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ ಎದ್ದ ಕಟ್ಟೆ ಅದು. ಕಲ್ಲು ಹೊತ್ತವರು ಸುಮಾರು 10,000 ಕೂಲಿಗಳು. ಕಟ್ಟೆ ಮುಗಿದದ್ದು 1930ರ ದಶಕದ ಆರಂಭದಲ್ಲಿ. ಇರ್ವಿನ್ ನಾಲೆ ಹರಿಯಿತು, 1933ರಲ್ಲಿ ಸಕ್ಕರೆ ಕಂಪನಿ ಬಂತು, ರಾಗಿ ಹೊಲಗಳು ಕಬ್ಬಿನ ಗದ್ದೆಗಳಾದವು. ಇರ್ವಿನ್ ನಾಲೆ ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು. ಮಂಡ್ಯದ ಮನೆಮನೆಯಲ್ಲಿ ಪೇಟದ ಆ ಪಟ ದೇವರ ಪಟದ ಪಕ್ಕ ಬಂದು ಕೂತಿತು. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಮಾತನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಕೈಗೆತ್ತಿಕೊಂಡು ಮಿಲ್ಲರ್ ಸಮಿತಿ ನೇಮಿಸಿದ 1918ರಲ್ಲೇ ಈ ದಿವಾನರು ಹುದ್ದೆ ಬಿಟ್ಟರು. ಇದನ್ನು ಆ ಪಟದ ಕೆಳಗೆ ಯಾರೂ ಬರೆದಿಲ್ಲ.

ಕಟ್ಟೆ ಕಟ್ಟಿದವನು ದೊಡ್ಡವನಲ್ಲ ಅಂತ ನಾನು ಹೇಳುತ್ತಿಲ್ಲ. ಹೊತ್ತವರ ಹೆಸರು ಎಲ್ಲಿ ಅಂತ ಕೇಳುತ್ತಿದ್ದೇನೆ. ನಾಲೆ ಬರುವ ಮೊದಲು ಕೆರೆಯ ಕಾಲದಲ್ಲಿ ಎಷ್ಟೋ ಊರುಗಳಲ್ಲಿ ತೂಬು ಎತ್ತಿ ಇಳಿಸುವ ನೀರಗಂಟಿ ಕೇರಿಯವನೇ. ಊರಿನ ಗದ್ದೆಗೆಲ್ಲ ಅವನು ಹರಿಸಿದ ನೀರು ಆಗುತ್ತಿತ್ತು. ಊರ ಬಾವಿಯ ಹಗ್ಗ ಮಾತ್ರ ಅವನು ಮುಟ್ಟುವಂತಿರಲಿಲ್ಲ. ಹರಿಯುವ ನೀರಿಗೆ ಮೈಲಿಗೆ ಇಲ್ಲ, ಕೊಡದ ನೀರಿಗೆ ಉಂಟು! ಈ ಲೆಕ್ಕ ಯಾವ ಎಂಜಿನಿಯರಿಗೂ ಬಿಡಿಸಲಾಗದ ಲೆಕ್ಕ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಕಥೆಯೂ ಹಿಂಗೇ. 1902ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳು ಅಲ್ಲಿ ತಿರುಗಿದವು. ಕರೆಂಟು ಸುಮಾರು 92 ಮೈಲಿ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. ತಂತಿ ನಮ್ಮ ತಲೆಯ ಮೇಲೇ ಹೋಯ್ತು. ಎಷ್ಟೋ ಕೇರಿಗಳ ಗುಡಿಸಲಿಗೆ ಒಂದು ಬಲ್ಬು ಬಂದದ್ದು ಭಾಗ್ಯಜ್ಯೋತಿ ಯೋಜನೆ ಬಂದಮೇಲೆ, ಅಂದರೆ ಮುಕ್ಕಾಲು ಶತಮಾನ ಕಳೆದಮೇಲೆ.

ಇನ್ನು ರಾಜ್ಯೋತ್ಸವ. 1956ರ ನವೆಂಬರ್ 1ಕ್ಕೆ ಕನ್ನಡ ಸೀಮೆಗಳು ಒಂದಾದವು. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. ಇಷ್ಟು ಎಲ್ಲ ಮಕ್ಕಳಿಗೂ ಬಾಯಿಪಾಠ. ಹೆಸರು ಬದಲಾಗಿ ಹದಿನೆಂಟೇ ದಿನಕ್ಕೆ ಏನಾಯಿತು ಅನ್ನೋದು ಬಾಯಿಪಾಠದಲ್ಲಿಲ್ಲ.

1973ರ ನವೆಂಬರ್ 19. ಮೈಸೂರಿನ ಒಂದು ವಿಚಾರ ಸಂಕಿರಣ. ದೇವರಾಜ ಅರಸರ ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪ ಮಾತಾಡಿದರು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮಂತ್ರಿ ಅವರು. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ, ಇಂಗ್ಲಿಷನ್ನೂ ಕಲೀರಿ ಅಂದುಬಿಟ್ಟರು. ಅಷ್ಟೇ. ಹೊಸದಾಗಿ ಹೆಸರಿಟ್ಟುಕೊಂಡ ನಾಡಿಗೆ ಮೈಯೆಲ್ಲ ಉರಿ. ಮೆರವಣಿಗೆ, ಕಲ್ಲು, ಪ್ರತಿಕೃತಿಗೆ ಬೆಂಕಿ, ಪತ್ರಿಕೆಗಳಲ್ಲಿ ಬೈಗುಳ. ಬೆಂಗಳೂರು, ಮೈಸೂರುಗಳಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು. ಮಂತ್ರಿ ಆಡಿದ ಮಾತಿಗೆ ಹಾಸ್ಟೆಲಿನಲ್ಲಿ ಅನ್ನ ಉಣ್ಣುವ ಹುಡುಗ ಏಟು ತಿನ್ನಬೇಕು, ಇದು ನಮ್ಮ ದೇಶದ ನ್ಯಾಯ. ಆ ಮಾತಿನಲ್ಲಿ ಸತ್ಯ ಇದೆ ಅಂತ ಕುವೆಂಪು ಬಸವಲಿಂಗಪ್ಪನವರ ಪರ ನಿಂತರು. ಆದರೂ ಡಿಸೆಂಬರಿನಲ್ಲಿ ಮಂತ್ರಿಗಿರಿ ಹೋಯಿತು.

ಇಲ್ಲೊಂದು ಮಾತು. ಬೂಸಾ ಅನ್ನೋದು ಬೈಗುಳ ಅಂತ ಮೊದಲು ತೀರ್ಮಾನ ಮಾಡಿದವರು ಹಸು ಕಟ್ಟಿದವರಲ್ಲ. ಮದ್ದೂರಿನ ಗೆಜ್ಜಲಗೆರೆ ಡೈರಿಗೆ ಹಾಲು ಹಾಕುವ ಯಾವ ಹೆಣ್ಣುಮಗಳನ್ನಾದರೂ ಕೇಳಿ ನೋಡಿ. ಬೂಸಾ ಇಲ್ಲದೆ ಹಸು ಎಲ್ಲಿ ಸೊರ ಬಿಡ್ತದೆ ಅಂತಾಳೆ. ಸಾಹಿತ್ಯದಲ್ಲಿ ಬೂಸಾದಷ್ಟಾದರೂ ಕಸುವಿದ್ದರೆ ಚೆನ್ನಾಗಿತ್ತು. ಬಸವಲಿಂಗಪ್ಪ ತಪ್ಪು ಹೋಲಿಕೆ ಕೊಟ್ಟರು ಅನ್ನೋದಾದರೆ ಅದು ಬೂಸಾಕ್ಕೆ ಮಾಡಿದ ಅವಮಾನ.

ತಮಾಷೆ ಬಿಡಿ. ಆ ನವೆಂಬರಿನ ಏಟಿನಿಂದ ಎದ್ದ ಹುಡುಗರೇ ಮುಂದೆ ಊರೂರು ಸುತ್ತಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಭದ್ರಾವತಿಯ ಮೇಷ್ಟ್ರು ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ್ದಾಯಿತು. 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಬೂಸಾ ಅಂದದ್ದಕ್ಕೆ ಸಿಟ್ಟಾದವರು ಕನ್ನಡಕ್ಕೆ ಏನು ಕೊಟ್ಟರೋ ಕಾಣೆ. ಬೂಸಾ ಅನಿಸಿಕೊಂಡ ಸಾಹಿತ್ಯಕ್ಕೆ ಹೊಸ ರಕ್ತ ಬಂದದ್ದು ಮಾತ್ರ ಕೇರಿಯಿಂದ. ದೇವನೂರರ ಗದ್ಯವನ್ನೂ ಸಿದ್ಧಲಿಂಗಯ್ಯನವರ ಪದ್ಯವನ್ನೂ ತೆಗೆದುಹಾಕಿ ಆ ಕಾಲದ ಕನ್ನಡವನ್ನು ಯಾರಾದರೂ ಲೆಕ್ಕ ಹಾಕಲಿ ನೋಡೋಣ.

ಇದೇ ನವೆಂಬರ್ 19, ಸರಿಯಾಗಿ 110 ವರ್ಷ ಹಿಂದೆ, 1863ರಲ್ಲಿ, ಗೆಟಿಸ್‌ಬರ್ಗ್ ಅನ್ನೋ ಊರಿನ ಸ್ಮಶಾನದಲ್ಲಿ ಲಿಂಕನ್ ಒಂದೆರಡು ನಿಮಿಷ ಮಾತಾಡಿದ. ಎಲ್ಲ ಮನುಷ್ಯರೂ ಸಮ ಅನ್ನೋ ಮಾತಿನ ಮೇಲೆ ಕಟ್ಟಿದ ದೇಶ ಇದು, ಅದು ಉಳೀತದೋ ಇಲ್ಲವೋ ಅನ್ನೋದಕ್ಕೇ ಈ ಯುದ್ಧ ಅಂತ ಹೇಳಿದ. ಗುಲಾಮಗಿರಿಯ ಮೇಲೆ ನಡೆಯುತ್ತಿದ್ದ ಯುದ್ಧ ಅದು. ಇವತ್ತು ಆ ಭಾಷಣವನ್ನು ಅಮೆರಿಕದ ಮಕ್ಕಳು ಬಾಯಿಪಾಠ ಮಾಡ್ತಾರೆ. ಆವತ್ತು? ಹತ್ತಿರದ ಹ್ಯಾರಿಸ್‌ಬರ್ಗ್ ಊರಿನ ಪತ್ರಿಕೆ ಅದನ್ನು ಪೆದ್ದು ಮಾತು ಅಂತ ಬರೆದು ಮುಚ್ಚಿಹಾಕಬೇಕು ಅಂದಿತ್ತು. 150 ವರ್ಷ ಆದಮೇಲೆ, 2013ರ ನವೆಂಬರಿನಲ್ಲಿ, ಆ ಪತ್ರಿಕೆಯ ವಾರಸುದಾರ ಪತ್ರಿಕೆ ನಾವು ಬರೆದದ್ದು ತಪ್ಪಾಗಿತ್ತು ಅಂತ ಅಚ್ಚು ಹಾಕಿತು. ತಡವಾಯಿತು, ನಿಜ. ಬಸವಲಿಂಗಪ್ಪನವರನ್ನು ಬೈದವರ ವಾರಸುದಾರರಿಗೆ ಇನ್ನೂ ನೂರು ವರ್ಷ ಬೇಕೇನೋ.

ತಿಂಗಳ ಕೊನೆಗೆ ಬನ್ನಿ. 1949ರ ನವೆಂಬರ್ 25. ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಕೊನೆಯ ಭಾಷಣ ಮಾಡಿದರು. ಮರುದಿನ, 26ಕ್ಕೆ, ಸಭೆ ಸಂವಿಧಾನವನ್ನು ಒಪ್ಪಿಕೊಂಡಿತು. ಅದೇ 25ರಂದು ಮೈಸೂರಿನಲ್ಲಿ ಜಯಚಾಮರಾಜ ಒಡೆಯರು ಈ ಸಂವಿಧಾನವೇ ಮೈಸೂರಿಗೂ ಸಂವಿಧಾನ ಅಂತ ಘೋಷಣೆ ಹೊರಡಿಸಿದರು. ಅಂದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲೆಯ ಮಾದಿಗರು ಅರಸನ ಪ್ರಜೆಗಳಾಗಿದ್ದವರು ಕಾಗದದ ಮೇಲೆ ನಾಗರಿಕರಾಗುವ ದಾರಿ ತೆರೆದ ದಿನ ಅದು. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲಿನಲ್ಲಿ ಬಾವುಟ ಹಾರಿಸಿದ್ದಕ್ಕೆ ಸೌಧ ಇದೆ, ಇರಬೇಕು. ಈ 25ನೇ ತಾರೀಖಿಗೆ ಒಂದು ಕಲ್ಲಾದರೂ ಬೇಡವೆ?

ಆ ದಿನದ ಭಾಷಣದಲ್ಲಿ ಬಾಬಾಸಾಹೇಬರು ಆಡಿದ ಮಾತುಗಳು ಹಿತವಾದವಲ್ಲ. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ, ಈ ವಿರೋಧಾಭಾಸವನ್ನು ಬೇಗ ಕಳೆಯದಿದ್ದರೆ ಕಟ್ಟಿದ್ದನ್ನೆಲ್ಲ ನೊಂದವರೇ ಸಿಡಿಸಿಯಾರು ಅಂದರು. ಸತ್ಯಾಗ್ರಹ, ಅಸಹಕಾರ ಎಲ್ಲವನ್ನೂ ಇನ್ನು ಬಿಡಿ, ಸಂವಿಧಾನದ ದಾರಿ ಹಿಡೀರಿ ಅಂತಲೂ ಅಂದರು. ಚಳವಳಿಯವರಾದ ನಮಗೆ ಇದು ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಳ್ಳುವ ತುತ್ತು. ಇನ್ನೊಂದು ಎಚ್ಚರಿಕೆ ಭಕ್ತಿಯದು. ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿಯಾದೀತು, ರಾಜಕೀಯದಲ್ಲಿ ಅದು ಅಧೋಗತಿಗೆ, ಸರ್ವಾಧಿಕಾರಕ್ಕೆ ದಾರಿ ಅಂದರು. ಎಷ್ಟೇ ದೊಡ್ಡವನಿರಲಿ, ಅವನ ಕಾಲ ಬುಡದಲ್ಲಿ ನಿಮ್ಮ ಸ್ವಾತಂತ್ರ್ಯ ಇಡಬೇಡಿ ಅಂದರು.

ಈ ಮಾತನ್ನು ಮಂಡ್ಯದಲ್ಲಿ ಓದಬೇಕು. ಯಾಕಂದ್ರೆ 2018ರ ನವೆಂಬರ್ 24, 25, 26 ಅಂತ ಮೂರು ದಿನ ನಮ್ಮ ಮುಂದಿವೆ.

24, ಶನಿವಾರ. ಅರ್ಧ ದಿನದ ಶಾಲೆ ಮುಗಿಸಿದ ಮಕ್ಕಳು, ಕೂಲಿಯವರು, ಸಂತೆ ಸಾಮಾನಿನವರು ಒಂದು ಖಾಸಗಿ ಬಸ್ಸಿನಲ್ಲಿದ್ದರು. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿತು. 30 ಜನ ಸತ್ತರು. ಅವರಲ್ಲಿ ಶಾಲೆಯ ಮಕ್ಕಳು ಎಷ್ಟೊಂದು! ನಾಲೆಯ ಏರಿಯ ರಸ್ತೆಗೆ ಅಲ್ಲಿ ತಡೆಗೋಡೆ ಇರಲಿಲ್ಲ. ಗದ್ದೆಯಲ್ಲಿದ್ದವರೇ ನಾಲೆಗೆ ಹಾರಿ ಹೆಣ ಎತ್ತಿದರು.

ಅದೇ ರಾತ್ರಿ ಬೆಂಗಳೂರಿನಲ್ಲಿ ಅಂಬರೀಶ್ ತೀರಿಕೊಂಡರು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು, ಸಿನಿಮಾದಲ್ಲಿ ರೆಬೆಲ್ ಸ್ಟಾರು, ಮಂಡ್ಯದ ಎಂಪಿ, ಶಾಸಕ, ಮಂತ್ರಿ. 25ಕ್ಕೆ ಹೆಲಿಕಾಪ್ಟರಿನಲ್ಲಿ ದೇಹ ಮಂಡ್ಯಕ್ಕೆ ಬಂತು. ವಿಶ್ವೇಶ್ವರಯ್ಯ ಸ್ಟೇಡಿಯಮ್ಮಿನಲ್ಲಿ ಜನಸಾಗರ. 26ಕ್ಕೆ ಬೆಂಗಳೂರಿನ ಕಂಠೀರವ ಸ್ಟುಡಿಯೋದಲ್ಲಿ ಸಂಸ್ಕಾರ. ಟಿವಿಯವರು ಕನಗನಮರಡಿಯ ಏರಿಯಿಂದ ಕ್ಯಾಮರಾ ಎತ್ತಿಕೊಂಡು ಓಡಿದರು. ಹಸಿ ಮಣ್ಣಿನ ಗುಂಡಿಗಳ ಮುಂದೆ ಅವ್ವಂದಿರು ಅಳುತ್ತಲೇ ಇದ್ದರು.

ಜನ ಅಂಬರೀಶಣ್ಣನಿಗೆ ಅತ್ತದ್ದು ಸುಳ್ಳಲ್ಲ. ಒರಟಾಗಿ ಮಾತಾಡಿ ಕೈಯಲ್ಲಿದ್ದದ್ದನ್ನು ಕೊಟ್ಟು ಕಳಿಸುವ ಮನುಷ್ಯ ಅಂತ ಕೇರಿಯಲ್ಲೂ ಪ್ರೀತಿ ಇತ್ತು. ಆ ಪ್ರೀತಿಯನ್ನು ಹೀಗಳೆಯುವುದು ಓದಿದವರ ಅಹಂಕಾರವಾದೀತು. ಆದರೆ ಒಬ್ಬ ನಾಯಕನನ್ನು ನೆನೆಯಲು ಮೂವತ್ತು ಜನರನ್ನು ಮರೆಯಲೇಬೇಕೆ? ಸಂವಿಧಾನದ ಎರಡು ದಿನಗಳು ಆ ವರ್ಷ ಮಂಡ್ಯದಲ್ಲಿ ಹಿಂಗೆ ಕಳೆದವು. ತಡೆಗೋಡೆ ಕಟ್ಟಿ ಅಂತ ಕೇಳೋದು ಭಕ್ತಿಯ ಕೆಲಸ ಅಲ್ಲ, ಹಕ್ಕಿನ ಕೆಲಸ. 2023ರ ನವೆಂಬರಿನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ, ಅದೇ ನಾಲೆಗೆ, ಒಂದು ಕಾರು ಬಿದ್ದು ಐದು ಜನ ಸತ್ತರು.

ಬಸ್ಸಿನ ಮಾತು ಬಂತಲ್ಲ, ಇನ್ನೊಂದು ಬಸ್ಸು. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಅನ್ನುವ ಹೊಲಿಗೆ ಕೆಲಸದ ಹೆಂಗಸು ಬಿಳಿಯನಿಗೆ ಸೀಟು ಬಿಡೋದಿಲ್ಲ ಅಂದಳು. ಆ ಊರಿನ ಕರಿಯರು ಒಂದು ವರ್ಷದ ಮೇಲೆ ಬಸ್ಸೇ ಹತ್ತಲಿಲ್ಲ. 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ಬಾಬಾಸಾಹೇಬರು ತೀರಿಕೊಂಡಾಗ ಅವರು ಇನ್ನೂ ನಡೆದೇ ಕೆಲಸಕ್ಕೆ ಹೋಗುತ್ತಿದ್ದರು. ಗೆದ್ದು ಬಸ್ಸು ಹತ್ತಿದ್ದು ಆ ತಿಂಗಳ 21ಕ್ಕೆ.

ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ತಮ್ಮ ತಂಗಿಯರಿಗೆ ಒಂದು ಕೆಲಸ ಇದೆ. 1973ರಲ್ಲಿ ಕಾಲೇಜು ಓದುತ್ತಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಮಳವಳ್ಳಿ ಮೀಸಲು ಕ್ಷೇತ್ರ, ಅಲ್ಲಿ ಓಟಿಗೆ ಬಂದವರೆಲ್ಲ ಕೇರಿಯ ಲೆಕ್ಕ ಕೇಳ್ತಾರೆ, ಕೇರಿಯ ನೆನಪನ್ನು ಯಾರೂ ಕೇಳೋದಿಲ್ಲ. ನೀವು ಕೇಳಿ. ಬೂಸಾ ಗಲಾಟೆಯ ದಿನ ನೀವು ಯಾವ ಹಾಸ್ಟೆಲಿನಲ್ಲಿ ಇದ್ದಿರಿ, ಯಾರು ಹೊಡೆದರು, ಯಾರು ಬಾಗಿಲು ತೆಗೆದು ಒಳಗೆ ಬಚ್ಚಿಟ್ಟರು, ಎಷ್ಟು ದಿನ ಪಾಠಕ್ಕೆ ಹೋಗಲಿಲ್ಲ ಅಂತ. ಕನ್ನಂಬಾಡಿಗೆ ಕಲ್ಲು ಹೊರೋಕೆ ಹೋದ ತಾತನ ಹೆಸರೂ ಕೇಳಿ. ಅವರ ಮಾತಿನಲ್ಲೇ, ಅವರು ಆಡಿದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ನವೆಂಬರ್ 19ಕ್ಕೆ ಮೊದಲು ಬರೆದು ಕಳಿಸಿ.