ಮರಳು, ಬಳಪ, ಮಗ್ಗಿ: ಹಳೆಯ ಕೂಲಿಮಠದ ಒಂದು ದಿನ

1623ರ ನವೆಂಬರ್ ತಿಂಗಳು. ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಯ ಕಡೆ ಹೊರಟಿದ್ದ. ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟ ರಾಯಭಾರಿಯ ಜೊತೆಗಾರ ಅವನು. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ನಿಂತ. ಒಬ್ಬ ಹುಡುಗ ಪಾಠದ ಒಂದು ಸಾಲನ್ನು ರಾಗವಾಗಿ ಹಾಡುತ್ತ, ಅದೇ ಹೊತ್ತಿಗೆ ನೆಲದ ಮೇಲೆ ಹರಡಿದ ನುಣುಪು ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದ. ಉಳಿದ ಮೂವರು ಅದನ್ನೇ ಹಾಡಿ, ಅದನ್ನೇ ಬರೆಯುತ್ತಿದ್ದರು. ಜಾಗ ತುಂಬಿದರೆ ಮೇಲೆ ಹೊಸ ಮರಳು ಎರಚಿ ಮತ್ತೆ ಶುರು. ಗುರುಗಳು ಹತ್ತಿರ ಇರಲಿಲ್ಲ. ಮರೆತರೆ ಏನು ಮಾಡುತ್ತೀರಿ ಎಂದು ಕೇಳಿದರೆ, ನಾವು ನಾಲ್ವರೂ ಒಟ್ಟಿಗೆ ಮರೆಯುವುದಿಲ್ಲವಲ್ಲ ಎಂಬರ್ಥದ ಉತ್ತರ ಬಂತು. ಕಾಗದ, ಲೇಖನಿ ಯಾವುದೂ ಹಾಳಾಗದ ಈ ಕಲಿಕೆಯನ್ನು ಅವನು ಮೆಚ್ಚಿ ಬರೆದಿಟ್ಟಿದ್ದಾನೆ. (ಇದೇ ಪ್ರವಾಸದಲ್ಲಿ ಅವನು ಉಳ್ಳಾಲದ ರಾಣಿಯನ್ನೂ ಕಂಡ. ಅದು ಇನ್ನೊಂದು ಸಂಚಿಕೆಗೆ ಸಾಕಾಗುವ ವಿಷಯ.)

ನಮ್ಮ ನಾಡಿನ ರಾಜರ ಬಗ್ಗೆ, ಯುದ್ಧಗಳ ಬಗ್ಗೆ ಎಷ್ಟೋ ಓದಿದ್ದೇವೆ. ಆದರೆ ಐದಾರು ವರ್ಷದ ಒಂದು ಮಗು ಬೆಳಿಗ್ಗೆ ಎದ್ದು ಶಾಲೆಗೆ ಹೋಗಿ ಏನು ಮಾಡುತ್ತಿತ್ತು ಎಂಬುದನ್ನು ಬರೆದಿಟ್ಟವರು ಕಡಿಮೆ. ಆ ಇಟಲಿಯವನ ನಂತರ ಸರಿಯಾಗಿ ಇನ್ನೂರು ವರ್ಷಕ್ಕೆ ಇಂಥ ಇನ್ನೊಂದು ಬರಹ ಸಿಗುತ್ತದೆ. ಮದ್ರಾಸ್ ಪ್ರಾಂತದ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದ. ಹೆಚ್ಚಿನ ಕಲೆಕ್ಟರುಗಳು ಅಂಕಿಗಳ ಪಟ್ಟಿ ಕಳಿಸಿ ಕೈ ತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟ್‌ನಲ್ಲಿ ತರಗತಿಯ ಒಳಗನ್ನೇ ಬಿಚ್ಚಿಟ್ಟ ವರದಿ ಕಳಿಸಿದ. ತೆಲುಗಿಗೆ ವ್ಯಾಕರಣ ಬರೆದಿದ್ದ ಮನುಷ್ಯ ಅವನು. ಭಾಷೆ ಗೊತ್ತಿದ್ದವನ ಕಣ್ಣೇ ಬೇರೆ. ಅವನ ಲೆಕ್ಕದಲ್ಲಿ ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಇಂದಿನ ಅನಂತಪುರ ಆಗ ಬಳ್ಳಾರಿಯ ಒಳಗೇ ಇತ್ತು. ಉಳಿದವು ಮರಾಠಿ, ಪಾರ್ಸಿ, ಸಂಸ್ಕೃತ, ತಮಿಳು. ಇಂಗ್ಲಿಷ್ ಒಂದೇ ಒಂದು.

ಇವುಗಳಲ್ಲಿ ಹೆಚ್ಚಿನವು ನಮ್ಮ ಹಿರಿಯರು ಕೂಲಿಮಠ ಎನ್ನುತ್ತಿದ್ದ ಶಾಲೆಗಳು. ಮಗುವಿಗೆ ಐದು ತುಂಬಿದಾಗ ಗುರುಗಳೂ ಶಾಲೆಯ ಮಕ್ಕಳೂ ಮನೆಗೇ ಬರುತ್ತಿದ್ದರು. ಗಣಪತಿಯ ಮುಂದೆ ಕೂರಿಸಿ, ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸುತ್ತಿದ್ದರು. ಮರುದಿನದಿಂದ ಬೆಳಿಗ್ಗೆ ಆರಕ್ಕೇ ಶಾಲೆ. ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತಿತ್ತು. ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು ಎಂದುಕೊಂಡರೆ ಕೊನೆಗೆ ಬಂದ ಮಗುವಿಗೆ ದಿನಾ ಹತ್ತು ಏಟು. ಸೋಮಾರಿಗೆ ಬಸ್ಕಿ, ಇನ್ನೂ ಹೆಚ್ಚೆಂದರೆ ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುವ ಕೋದಂಡ. ಹಳೆಯ ಶಾಲೆಯನ್ನು ನೆನೆದು ಕಣ್ಣು ತುಂಬಿಕೊಳ್ಳುವವರು ಈ ಕೋದಂಡವನ್ನೂ ಸ್ವಲ್ಪ ನೆನೆಯಬೇಕು.

ಪಾಠದ ಕ್ರಮ ಮಾತ್ರ ನನಗೆ ಬಹಳ ಹಿಡಿಸಿತು. ಅಕ್ಷರವನ್ನು ಮೊದಲು ಹೇಳಿಸಿ ಆಮೇಲೆ ಬರೆಸುವುದಲ್ಲ. ಮರಳಿನಲ್ಲಿ ಬೆರಳಿನಿಂದ ಬರೆಯುತ್ತಲೇ ಕಲಿಸುವುದು. ಇದು ಯುರೋಪಿನ ಪದ್ಧತಿಗಿಂತ ಬೇರೆ ಎಂದು ಕ್ಯಾಂಪ್‌ಬೆಲ್ ವಿಶೇಷವಾಗಿ ಗುರುತಿಸಿದ್ದಾನೆ. ನಾನು ಮುಂಬೈಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಶನಿವಾರ ಕನ್ನಡ ಅಕ್ಷರ ಕಲಿಸುತ್ತೇನೆ. ಕನ್ನಡದ ಗುಂಡು ಗುಂಡು ಅಕ್ಷರ ಮೊದಲು ಬೆರಳಿಗೆ ಬರಬೇಕು. ಪೆನ್ಸಿಲ್ ಹಿಡಿದು ಬಿಗಿಯಾಗುವ ಕೈ ರವೆಯ ತಟ್ಟೆಯಲ್ಲಿ ಸಲೀಸಾಗಿ ತಿರುಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮರಳಿನಲ್ಲಿ ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಹಲಗೆ ಎಂದರೆ ಒಂದು ಅಡಿ ಅಗಲ, ಮೂರು ಅಡಿ ಉದ್ದದ ಮರದ ಪಟ್ಟಿ. ಅದಕ್ಕೆ ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ಆಯಿತು. ಕಡತ ಎಂದರೆ ಗಂಜಿಯಲ್ಲಿ ಬಿರುಸು ಮಾಡಿ, ಪುಸ್ತಕದಂತೆ ಮಡಿಚಿ, ಇದ್ದಿಲು ಮತ್ತು ಅಂಟು ಹಚ್ಚಿದ ಬಟ್ಟೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಎರಡೂ ಹೊಸದು. ಬರೆಯುವುದು ಬಳಪದಿಂದ, ಕ್ಯಾಂಪ್‌ಬೆಲ್ ಆ ಪದವನ್ನೇ ತನಗೆ ತಿಳಿದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದಾನೆ. ಕಡತ ಎಂಬ ಪದ ಇಂದು ಸರ್ಕಾರಿ ಕಚೇರಿಯ ಫೈಲಿಗೆ ಹೋಗಿ ಸೇರಿಕೊಂಡಿದೆ. ಬೇಲೂರಿನ ಶಿಲಾಬಾಲಿಕೆಯರನ್ನು ಕಡೆದ ಕಲ್ಲಿಗೂ ಬಳಪದ ಕಲ್ಲು ಎಂದೇ ಹೆಸರು.

ಆಮೇಲೆ ಕಾಗುಣಿತ, ಜನರ ಹೆಸರು, ಊರ ಹೆಸರು, ಪ್ರಾಣಿಗಳ ಹೆಸರು, ನಂತರ ಲೆಕ್ಕ. ಲೆಕ್ಕದಲ್ಲಿ ಹೆಚ್ಚು ಶ್ರಮ ಭಿನ್ನರಾಶಿಗೆ. ಅದು ಹತ್ತರಂತೆ ಇಳಿಯುವುದಿಲ್ಲ, ನಾಲ್ಕರಂತೆ ಇಳಿಯುತ್ತದೆ: ಒಂದರ ಕಾಲು, ಕಾಲಿನ ಕಾಲು ವೀಸ, ವೀಸದ ಕಾಲು ಕಾಣಿ. ದಿನಕ್ಕೆ ಎರಡು ಸಲ ಮಕ್ಕಳೆಲ್ಲ ಸಾಲಾಗಿ ನಿಂತು, ಹಿರಿಯ ಹುಡುಗನೊಬ್ಬ ಹೇಳಿಕೊಟ್ಟಂತೆ ಮಗ್ಗಿಗಳನ್ನು ಕೂಗಿ ಹೇಳಬೇಕಿತ್ತು. ನಮ್ಮ ನೆರೆಯ ಮರಾಠಿ ಅಜ್ಜಂದಿರು ಪಾವಕಿ, ನಿಮಕಿ, ಪಾವುಣಕಿ ಎಂದು ಈಗಲೂ ಹೇಳುವುದು ಇದೇ ಕಾಲು, ಅರೆ, ಮುಕ್ಕಾಲಿನ ಮಗ್ಗಿ. 1957ರಲ್ಲಿ ರೂಪಾಯಿಗೆ ನೂರು ಪೈಸೆ ಬಂತು, ಹದಿನಾರಾಣೆ ಹೋಯಿತು. ಜೊತೆಗೆ ಈ ಮಗ್ಗಿಗಳ ಕೆಲಸವೂ ಮುಗಿಯಿತು.

ಇನ್ನೊಂದು ಪಾಠ ಕೇಳಿ. ಗುರುಗಳು ಅಲ್ಲಿ ಇಲ್ಲಿಂದ ಹಳೆಯ ಕಾಗದಪತ್ರಗಳನ್ನು ಕೂಡಿಹಾಕಿ, ಬೇರೆ ಬೇರೆ ಕೈಬರಹಗಳನ್ನು ಮಕ್ಕಳಿಂದ ಓದಿಸುತ್ತಿದ್ದರು. ಕಾಗದ ಬರೆಯುವುದು, ಕರಾರುಪತ್ರ ಬರೆಯುವುದು ಕೂಡ ಪಾಠವೇ. ಸಾಲದ ಪತ್ರ ಓದಲು ಬಂದವನಿಗೆ ಸಾಹುಕಾರ ಸುಲಭಕ್ಕೆ ಮೋಸ ಮಾಡಲಾರ. ಆದರೆ ಬಾಯಿಪಾಠ ಮಾಡಿಸುತ್ತಿದ್ದ ಕಾವ್ಯಗಳ ಭಾಷೆ ಆಡುಮಾತಿನದಲ್ಲ, ಅರ್ಥವಾಗದೆ ಗಿಣಿಪಾಠವಾಗುತ್ತಿತ್ತು ಎಂಬ ದೂರನ್ನೂ ಕ್ಯಾಂಪ್‌ಬೆಲ್ ಬರೆದಿದ್ದಾನೆ. ಅದು ನ್ಯಾಯವಾದ ದೂರೇ.

ಹಿರಿಯ ಮಕ್ಕಳು ಕಿರಿಯರಿಗೆ ಕಲಿಸುವ ಪದ್ಧತಿಯನ್ನು ಮಾತ್ರ ಅವನು ಮನಸಾರೆ ಹೊಗಳಿದ. ಇಂಗ್ಲೆಂಡ್ ಅದನ್ನು ಅನುಕರಿಸಿದ್ದು ಸರಿಯೇ ಎಂದ. ಅನುಕರಿಸಿದ ಕಥೆ ಚೆನ್ನೈನ ಓದುಗರಿಗೆ ಹತ್ತಿರದ್ದು. 1789ರಿಂದ ಎಗ್ಮೋರಿನ ಅನಾಥಾಲಯ ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರ್ಯೂ ಬೆಲ್, ಸ್ಥಳೀಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನಲ್ಲೂ ತಂದ. ಮಕ್ಕಳಿಂದಲೇ ಮಕ್ಕಳಿಗೆ ಕಲಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಅಲ್ಲಿ ಅದು ಮದ್ರಾಸ್ ಪದ್ಧತಿ ಎಂದೇ ಹೆಸರಾಯಿತು. ಇತ್ತ ಬಳ್ಳಾರಿಯ 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ಕಾಸು ಸಿಗುತ್ತಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ ಎಂದು ಕಲೆಕ್ಟರನೇ ಬರೆದ. ವಿಲಾಯತಿ ಬಟ್ಟೆ ಬಂದು ನೇಕಾರರ ಗಳಿಕೆ ಕುಸಿದು, ಶಾಲೆಗೆ ಕೊಡಲು ಜನರ ಕೈಯಲ್ಲಿ ಹಣವಿಲ್ಲದೆ, ಎಷ್ಟೋ ಊರುಗಳಲ್ಲಿ ಶಾಲೆಗಳು ಮುಚ್ಚಿದ್ದವು.

ಈಗ ನಾನು ಈ ಲೇಖನ ಬರೆಯಲು ಕಾರಣವಾದ ಅಂಕಿಗೆ ಬರುತ್ತೇನೆ. 6,641 ಮಕ್ಕಳಲ್ಲಿ ಹುಡುಗಿಯರು 60. ನೂರಕ್ಕೆ ಒಬ್ಬಳೂ ಇಲ್ಲ. ಶಾಲೆಗೊಬ್ಬಳಂತೆ ಹಂಚಿದರೂ 473 ಶಾಲೆಗಳಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ. ಪ್ರಾಂತದ ಬೇರೆ ಕೆಲವು ಜಿಲ್ಲೆಗಳ ವರದಿಗಳಲ್ಲಿ, ಓದುವ ಹುಡುಗಿಯರು ಹೆಚ್ಚಾಗಿ ದೇವಸ್ಥಾನದ ನರ್ತಕಿಯರ ಮನೆಯವರು ಎಂದಿದೆ. ಅಷ್ಟು ಅಗ್ಗದ ಶಾಲೆ, ಮರಳಿಗೆ ಕಾಸಿಲ್ಲ, ಆದರೂ ಹೆಣ್ಣುಮಗುವಿಗೆ ಆ ಮರಳು ಸಿಗಲಿಲ್ಲ.

ವಿಜಾಪುರ ಕಡೆಯ ನನ್ನ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಕಾಲಿನ ಮಗ್ಗಿ, ಮುಕ್ಕಾಲಿನ ಮಗ್ಗಿ ನೀರು ಕುಡಿದಷ್ಟು ಸಲೀಸು. ಅಣ್ಣಂದಿರು ಪಡಸಾಲೆಯಲ್ಲಿ ಕೂಗಿ ಹೇಳುತ್ತಿದ್ದುದು ಅಡುಗೆಮನೆಗೆ ಕೇಳುತ್ತಿತ್ತಂತೆ. ಆರೂಮುಕ್ಕಾಲು ಸೇರು ಜೋಳದ ಲೆಕ್ಕ ಅವರು ಬೀಸುತ್ತ ಕೂತಲ್ಲೇ ಹೇಳುತ್ತಿದ್ದರು. ಹೊಲದ ಕಾಗದಕ್ಕೆ ಮಾತ್ರ ಹೆಬ್ಬೆಟ್ಟು ಒತ್ತುತ್ತಿದ್ದರು. ಕ್ಯಾಂಪ್‌ಬೆಲ್‌ನ ವರದಿಯನ್ನು ಓದಿದ ಮೇಲೆ ಇದು ನನಗೆ ಬೇರೆ ಥರ ಕಂಡಿತು. ಆ ಶಾಲೆಯ ಅರ್ಧ ಕಲಿಕೆ ಬಾಯಲ್ಲಿತ್ತು, ಅದು ಗೋಡೆ ದಾಟಿ ಅಜ್ಜಿಯ ಕಿವಿಗೆ ಬಂತು. ಉಳಿದರ್ಧ ಬೆರಳಲ್ಲಿತ್ತು, ಮರಳಿನ ಮುಂದೆ ಕೂರದವರಿಗೆ ಅದು ಬರುವಂತಿರಲಿಲ್ಲ. ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯಲ್ಲಿ ಹುಡುಗಿಯರಿಗೆ ಪಾಠ ಹೇಳಲು ನಿಂತಾಗ ಅವರ ಮೇಲೆ ಸಗಣಿ, ಕೆಸರು ಎರಚಿದರು. ಅದು ನಡೆದದ್ದು ಈ ಅರ್ಧಕ್ಕಾಗಿ.

ನಮ್ಮ ಮಹಿಳಾ ವಿಭಾಗದಲ್ಲಿ ಎಪ್ಪತ್ತೈದು ದಾಟಿದ ಸದಸ್ಯೆಯರು ಹಲವರಿದ್ದಾರೆ. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಯಾರಿಗೆ ಬರುತ್ತದೋ ಅವರಿಂದ ಹೇಳಿಸಿ ಫೋನಿನಲ್ಲಿ ಧ್ವನಿಮುದ್ರಿಸಿ ಕಳಿಸಿ. ಅದನ್ನು ಯಾರಿಂದ, ಎಲ್ಲಿ ಕೂತು ಕಲಿತರು ಎಂಬುದನ್ನೂ ಕೇಳಿ ಬರೆದುಕೊಳ್ಳಿ.