ಹಳೆಯ ಸೂಚನೆಯ ಕಾಟ

1949ರಲ್ಲಿ ಕೇಂಬ್ರಿಜ್‌ನಲ್ಲಿ ಕೆಲಸ ಶುರುಮಾಡಿದ ಎಡ್ಸ್ಯಾಕ್ ಕಂಪ್ಯೂಟರಿನಲ್ಲಿ ಸೂಚನೆಗಳೂ ದತ್ತಾಂಶವೂ ಒಂದೇ ಮೆಮೊರಿಯಲ್ಲಿದ್ದವು. ಸಾಲಾಗಿ ಇಟ್ಟ ಸಂಖ್ಯೆಗಳನ್ನು ಕೂಡಬೇಕಾದರೆ ಪ್ರೋಗ್ರಾಮು ಪ್ರತಿ ಸುತ್ತಿಗೂ ತನ್ನದೇ ಸೂಚನೆಯೊಳಗಿನ ವಿಳಾಸವನ್ನು ತಿದ್ದಿಕೊಳ್ಳುತ್ತಿತ್ತು. ತಿದ್ದಿದ್ದು ಕೂಡಲೇ ಜಾರಿ. ನಡುವೆ, ಬೇಗ ಸಿಗಲೆಂದು ಮೆಮೊರಿಯ ಪ್ರತಿ ಇಟ್ಟುಕೊಳ್ಳುವ ಕ್ಯಾಶ್ ಎಂಬುದೇ ಇರಲಿಲ್ಲ. ಪಠ್ಯದಲ್ಲಿ ಹುಡುಕಬೇಕಾದ್ದನ್ನು ಐಬಿಎಂ 7094ರ ಯಂತ್ರಸೂಚನೆಗಳಾಗಿ ಅಲ್ಲಲ್ಲೇ ಬರೆದು ಓಡಿಸುವ ವಿಧಾನವನ್ನು ಕೆನ್ ಥಾಮ್ಸನ್ 1968ರಲ್ಲಿ ಪ್ರಕಟಿಸಿದಾಗಲೂ ಆ ನೆಮ್ಮದಿ ಹಾಗೇ ಇತ್ತು.

ಮೆಮೊರಿಗಿಂತ ಪ್ರೊಸೆಸರ್ ಬಹಳ ಮುಂದೆ ಓಡಿದ ಮೇಲೆ ಕ್ಯಾಶ್ ಬಂತು, ಆಮೇಲೆ ಅದೂ ಎರಡಾಯಿತು. 1990ರ ಮೊಟೊರೊಲಾ 68040ರಲ್ಲಿ ಸೂಚನೆಗೆ 4 ಕಿಲೋಬೈಟ್, ದತ್ತಾಂಶಕ್ಕೆ 4 ಕಿಲೋಬೈಟ್. ಹೊಸದಾಗಿ ಬರೆದ ಸೂಚನೆ ದತ್ತಾಂಶದ ಕ್ಯಾಶಿನಲ್ಲೇ ಕುಳಿತಿರಬಹುದು. ಇತ್ತ ಸೂಚನೆಯ ಕ್ಯಾಶ್ ಹಳೆಯದನ್ನೇ ಓಡಿಸುತ್ತಿರಬಹುದು. ಮರುವರ್ಷ ಆಪಲ್‌ನ ಕ್ವಾಡ್ರಾ ಯಂತ್ರಗಳಲ್ಲಿ ಹಲವು ಹಳೆಯ ಪ್ರೋಗ್ರಾಮುಗಳು ಇದೇ ಕಾರಣಕ್ಕೆ ಕೆಟ್ಟವು. ಆಪಲ್ ಕೊಟ್ಟ ಉಪಾಯ ಕ್ಯಾಶನ್ನು ಆಫ್ ಮಾಡುವ ಒಂದು ಸ್ವಿಚ್. ವೇಗಕ್ಕೆಂದು ಕೊಂಡ ಯಂತ್ರವನ್ನು ನಿಧಾನ ಮಾಡಿಕೊಳ್ಳುವ ಉಪಾಯ!

ಲಿನಕ್ಸ್ ಕರ್ನಲ್ ಕ್ಯಾಶನ್ನು ಆಫ್ ಮಾಡುವ ಬದಲು, ಮಾಡ್ಯೂಲ್ ಎಂಬ ಕೋಡಿನ ತುಂಡುಗಳನ್ನು ಲೋಡ್ ಮಾಡುವಾಗ ಸೂಚನೆ ಕ್ಯಾಶನ್ನು ಫ್ಲಶ್ ಮಾಡುತ್ತಿತ್ತು, ಅಂದರೆ ಅದರಲ್ಲಿನ ಹಳೆಯ ಪ್ರತಿಯನ್ನು ತೆಗೆದುಹಾಕುತ್ತಿತ್ತು. ಬಿಪಿಎಫ್ ಎಂಬ, ಜಾಲದ ಪ್ಯಾಕೆಟ್‌ಗಳನ್ನು ಸೋಸುವ ಪ್ರೋಗ್ರಾಮುಗಳನ್ನು ಅದು ಸ್ವತಃ ಯಂತ್ರಸೂಚನೆಗಳಾಗಿಸತೊಡಗಿದ್ದು 2011ರಲ್ಲಿ, ಎರಿಕ್ ಡುಮಾಝೆ ಬರೆದ, ಓಡಿಸುವ ಹೊತ್ತಿಗೇ ಯಂತ್ರಸೂಚನೆ ತಯಾರಿಸುವ ಜಿಟ್ ಕಂಪೈಲರ್‌ನಿಂದ. ಬಿಪಿಎಫ್ ಅದಕ್ಕಿಂತ ಎಷ್ಟೋ ಹಳೆಯದು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್ಸನ್ 1992ರ ಪ್ರಬಂಧದಲ್ಲಿ ಅದನ್ನು ವಿವರಿಸಿದ್ದರು. ಡುಮಾಝೆ ಅವರ ಜಿಟ್ ಇದ್ದದ್ದು ಎಕ್ಸ್86-64ಕ್ಕೆ. ಅಲ್ಲಿ ಎರಡು ಕ್ಯಾಶ್‌ಗಳ ಹೊಂದಾಣಿಕೆಯನ್ನು ಹಾರ್ಡ್‌ವೇರೇ ನೋಡಿಕೊಳ್ಳುತ್ತದೆ. ಆದರೂ ಕೋಡಿನಲ್ಲಿ ಫ್ಲಶ್ ಕರೆ ಇತ್ತು, ಏನನ್ನೂ ಮಾಡದ ಕರೆ.

ಆ ಫ್ಲಶ್ ಕರೆ ನಿಜವಾಗಿ ಕೆಲಸಕ್ಕೆ ಬಂದದ್ದು ಆರ್ಮ್‌ನಂಥ ಪ್ರೊಸೆಸರ್‌ಗಳಲ್ಲಿ. 64 ಬಿಟ್ ಆರ್ಮ್‌ನಲ್ಲಿ ಮೊದಲು ದತ್ತಾಂಶ ಕ್ಯಾಶಿನ ಸಾಲುಗಳನ್ನು ಎರಡು ಕ್ಯಾಶ್‌ಗಳೂ ಸೇರುವ ಮಟ್ಟಕ್ಕೆ ತಳ್ಳಬೇಕು. ಅದು ಮುಗಿಯುವವರೆಗೆ ಕಾಯಬೇಕು. ಆಮೇಲೆ ಸೂಚನೆ ಕ್ಯಾಶಿನ ಪ್ರತಿಯನ್ನು ರದ್ದುಮಾಡಿ ಮತ್ತೆ ಕಾಯಬೇಕು. ಕೊನೆಗೆ ಕೋರ್ ಮುಂಚಿತವಾಗಿ ತಂದಿಟ್ಟುಕೊಂಡ ಸೂಚನೆಗಳನ್ನೂ ಚೆಲ್ಲಿಸಬೇಕು. ರದ್ದತಿಯನ್ನು ಮೊದಲು ಮಾಡಿದರೆ ಹಳೆಯದೇ ಮರಳಿ ಬಂದು ಕೂರಬಹುದು. ಪತ್ತೆ ಹಚ್ಚುವುದು ಇನ್ನೂ ಕಷ್ಟ: ಡಿಬಗರ್ ಓದುವುದು ದತ್ತಾಂಶದ ಹಾದಿಯಲ್ಲಿ, ಹಾಗಾಗಿ ಪರದೆಯ ಮೇಲೆ ಸರಿಯಾದ ಬೈಟುಗಳೇ ಕಾಣುತ್ತವೆ. ಪ್ರೊಸೆಸರ್ ಮಾತ್ರ ಅದೇ ವಿಳಾಸದಲ್ಲಿ ಹಿಂದೆಂದೋ ಇದ್ದು ಕಿತ್ತುಹಾಕಿದ ಕೋಡನ್ನು ಓಡಿಸುತ್ತಿರುತ್ತದೆ.

2016ರಲ್ಲಿ ಕರ್ನಲ್‌ನ ಹೊರಗೆ, ಪ್ರೋಗ್ರಾಮುಗಳನ್ನು ಓಡಿಸುವ ಮೊನೊ ಎಂಬ ತಂತ್ರಾಂಶದ ಜಿಟ್‌ನಲ್ಲಿ, ಈ ಕಾಟದ ಇನ್ನೊಂದು ಮುಖ ಕಂಡಿತು. ಅದು ಓಡುತ್ತಿದ್ದ ಒಂದು ಚಿಪ್ಪಿನ ದೊಡ್ಡ ಕೋರ್‌ಗಳಲ್ಲಿ ಕ್ಯಾಶ್ ಸಾಲು 128 ಬೈಟ್, ಚಿಕ್ಕವುಗಳಲ್ಲಿ 64. ದೊಡ್ಡ ಕೋರ್‌ನಲ್ಲಿ ಒಮ್ಮೆ ಕೇಳಿ ನೆನಪಿಟ್ಟುಕೊಂಡ ಅಳತೆಯನ್ನೇ ಚಿಕ್ಕದರಲ್ಲೂ ಬಳಸಿದ್ದರಿಂದ ಒಂದು ಬಿಟ್ಟು ಒಂದು ಸಾಲು ಫ್ಲಶ್ ಆಗದೆ ಉಳಿಯುತ್ತಿತ್ತು. ಅದೇ ವರ್ಷ ಲಿನಕ್ಸ್, ಇಂಥ ಯಂತ್ರಗಳಲ್ಲಿ ಯಾವ ಕೋರ್ ಕೇಳಿದರೂ ಚಿಕ್ಕ ಅಳತೆಯನ್ನೇ ಹೇಳತೊಡಗಿತು. ಇನ್ನು ರಿಸ್ಕ್-ವಿ ಪ್ರೊಸೆಸರ್‌ಗಳಲ್ಲಿ, ಹೊಸದಾಗಿ ಬರೆದ ಕೋಡೇ ಓಡುವಂತೆ ಮಾಡುವ ಸೂಚನೆ ತನ್ನ ಕೋರ್‌ಗಷ್ಟೇ ಅನ್ವಯಿಸುವುದರಿಂದ, ಉಳಿದ ಕೋರ್‌ಗಳಿಗೂ ಕರ್ನಲ್ ಹೇಳಿಕಳಿಸಬೇಕು.

2022ರ ಲಿನಕ್ಸ್ 5.18ರಲ್ಲಿ ಹಲವು ಬಿಪಿಎಫ್ ಪ್ರೋಗ್ರಾಮುಗಳು ಒಂದೇ ದೊಡ್ಡ ಮೆಮೊರಿ ತುಂಡನ್ನು ಹಂಚಿಕೊಳ್ಳುವ ಏರ್ಪಾಡು ಬಂತು. ಮುಂದೆ ಅದು ಆರ್ಮ್‌ಗೂ ಹಬ್ಬಿತು. ಸೂಚನೆಗಳನ್ನು ಬರೆಯುವುದು ಬೇರೆ ಜಾಗದಲ್ಲಿ, ಓಡಿಸುವುದು ಅವುಗಳ ನಕಲು ಇರುವ, ನೇರವಾಗಿ ಬರೆಯಲು ಬಾರದ ಜಾಗದಲ್ಲಿ. ಹಾಗಾಗಿ ಅಲ್ಲಿ ನಕಲು ಮುಗಿದ ಮೇಲಷ್ಟೇ, ಓಡುವ ಜಾಗದ ವಿಳಾಸ ಕೊಟ್ಟು ಫ್ಲಶ್ ಮಾಡಲಾಗುತ್ತದೆ.